ಆಲ್ಕೋಹಾಲಿಗೆ ಕ್ಲೋರಿನ್ ಕೂಡಿಸುವ ಥಯೊನೈಲ್ ಕ್ಲೋರೈಡ್ ಎಂಬ ರಾಸಾಯನಿಕ ಬಳಕೆಗೆ ಬರುವ ಮುಂಚೆ ಆಲ್ಕೋಹಾಲಿನಿಂದ ಹ್ಯಾಲೈಡ್ (ಕ್ಲೋರಿನ್, ಬ್ರೋಮಿನ್, ಅಯೋಡಿನ್‌ನಂಥವು ಸೇರಿದ ಸಂಯುಕ್ತ) ಹೇಗೆ ಮಾಡುತ್ತಿದ್ದರು?

ಅಡುಗೆ ಉಪ್ಪಿನಿಂದಲೇ! 1835ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಡ್ಯೂಮಾ ಮತ್ತು ಪೆಲಿಗೊ ಮೆಥನಾಲ್ (ಅತಿ ಸರಳ ಆಲ್ಕೋಹಾಲ್), ಉಪ್ಪು, ಸಲ್ಫ್ಯೂರಿಕ್ ಆಮ್ಲ ಸೇರಿಸಿ ಕುದಿಸಿ ಮೀಥೈಲ್ ಕ್ಲೋರೈಡ್ ತೆಗೆದರು. ಸುಮ್ನೆ ಉಪ್ಪು ಹಾಕಿದರೆ ಏನೂ ಆಗುವುದಿಲ್ಲ. ಆಲ್ಕೋಹಾಲಿನಲ್ಲಿರುವ ಓಎಚ್ ಗುಂಪು (ಆಮ್ಲಜನಕ-ಜಲಜನಕದ ಜೋಡಿ) ತಾನಾಗಿ ಜಾಗ ಬಿಡುವ ಜಾತಿಯಲ್ಲ, ಅಲ್ವಾ? ಆಮ್ಲದ ಪ್ರೋಟಾನ್ ಅಂಟಿಕೊಂಡ ಮೇಲೆ ಅದು ನೀರಾಗಿ ಕಳಚಿಕೊಳ್ಳುತ್ತದೆ. ಆ ಜಾಗಕ್ಕೆ ಕ್ಲೋರೈಡ್ ಬರುತ್ತದೆ.

ಬ್ರೋಮೈಡಿಗೂ ಇದೇ ದಾರಿ. ಅಯೋಡೈಡಿಗೆ ಮಾತ್ರ ನಡೆಯುವುದಿಲ್ಲ, ಸಲ್ಫ್ಯೂರಿಕ್ ಆಮ್ಲ ಅದನ್ನು ಅಯೋಡಿನ್ ಮಾಡಿಬಿಡುತ್ತದೆ. ಅಲ್ಲಿ ಕೆಂಪು ರಂಜಕ ಮತ್ತು ಅಯೋಡಿನ್ ಬಳಸುತ್ತಿದ್ದರು.

ಇನ್ನೊಂದು ಹಳೆಯ ದಾರಿ, ಸತುವಿನ ಕ್ಲೋರೈಡ್ ಜೊತೆ ಹೈಡ್ರೋಕ್ಲೋರಿಕ್ ಆಮ್ಲ. ನಮ್ಮ ತುಮಕೂರಿನ ಕಾಲೇಜು ಲ್ಯಾಬುಗಳಲ್ಲಿ ಆಲ್ಕೋಹಾಲ್ ಯಾವ ಬಗೆಯದು ಅಂತ ನೋಡಲು ಲ್ಯೂಕಾಸ್ ಪರೀಕ್ಷೆ ಮಾಡಿಸುತ್ತಾರಲ್ಲ, ಅದೇ ಮಿಶ್ರಣ. ಟರ್ಷಿಯರಿ ಆಲ್ಕೋಹಾಲ್ (ಓಎಚ್ ಹೊತ್ತ ಕಾರ್ಬನ್ನಿಗೆ ಇನ್ನೂ ಮೂರು ಕಾರ್ಬನ್ ಅಂಟಿರುವಂಥದ್ದು) ಹಾಕಿದ ತಕ್ಷಣ ಮಬ್ಬಾಗುವುದು ನೀರಿನಲ್ಲಿ ಕರಗದ ಕ್ಲೋರೈಡ್ ಹುಟ್ಟಿದ್ದಕ್ಕೇ.