ಆಪ್ತಸಲಹೆ ಪ್ರಕರಣ: ದುಡ್ಡು ಕೇಳೋಕೆ ನಾಚಿಕೆ ಅಂದ ಡಾಕ್ಟರ್

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ರಮ್ಯಾ ಎಂ.ಡಿ. ಮುಗಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ ಕೆಮ್ಮು, ಉಬ್ಬಸ ಯಾಕೆ ಜಾಸ್ತಿ ಕಾಣಿಸುತ್ತದೆ ಎಂದು ಅಧ್ಯಯನ ಮಾಡುವ ಆಸೆ. ಗೂಡು ಬೇಯಿಸುವ ಹಬೆಯಲ್ಲೇ ದಿನವಿಡೀ ಕೂರುವ ಜನ ಅವರು. ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಯಂತ್ರ ಆಸ್ಪತ್ರೆಯಲ್ಲೇ ಇದೆ. ಆದರೆ ಪ್ರತಿಯೊಬ್ಬರಿಗೂ ಬಾಯಿಗಿಡುವ ಹೊಸ ಕೊಳವೆ ಬೇಕು, ಓಡಾಟದ ಖರ್ಚು ಕೊಡಬೇಕು, ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ ತುಂಬಿಕೊಡಬೇಕು. ಹಿರಿಯರು ಅಂದದ್ದು ಇಷ್ಟೇ: "ಐಡಿಯಾ ಚೆನ್ನಾಗಿದೆ, ಫಂಡ್ ನೀನೇ ನೋಡ್ಕೊ."

ರಮ್ಯಾ ತಮ್ಮ ಫೋನಿನ ಕ್ಯೂಆರ್ ಕೋಡನ್ನೇ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದರು. ನೆಂಟರು, ಬ್ಯಾಚ್‌ಮೇಟುಗಳು ಕಳಿಸಿದರು. ಒಂದಿಬ್ಬರು ರೋಗಿಗಳೂ ಕೊಟ್ಟರು. ಆಮೇಲೆ ನಿದ್ದೆ ಕೆಟ್ಟಿತು, ನನ್ನ ಬಳಿ ಆಪ್ತಸಲಹೆಗೆ ಬಂದರು. "ಭಿಕ್ಷೆ ಬೇಡಿದ ಹಾಗನ್ನಿಸ್ತಿದೆ ಮೇಡಂ. ನಮ್ಮ ಮನೇಲಿ ಯಾರೂ ಕೈ ಚಾಚಿದವರಲ್ಲ," ಎಂದರು.

ಇಂಥ ಮಾತಿಗೆ "ಕೇಳೋದರಲ್ಲಿ ತಪ್ಪೇನಿದೆ" ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭ. ನಾನು ಕೊಟ್ಟವರನ್ನು ಒಬ್ಬೊಬ್ಬರಾಗಿ ನೆನೆಸಿಕೊಳ್ಳಲು ಹೇಳಿದೆ. ಬ್ಯಾಚ್‌ಮೇಟುಗಳ ಬಗ್ಗೆ ಹೇಳುವಾಗ ನಗು ಬಂತು. ಸೋದರಮಾವನ ಬಗ್ಗೆ ಹೇಳುವಾಗಲೂ ತೊಂದರೆಯಿರಲಿಲ್ಲ. ಒಬ್ಬ ತಾತನ ವಿಷಯ ಬಂದಾಗ ಮಾತು ನಿಂತಿತು.

ತಾತ ಹಳೇ ರೀಲರ್ (ರೇಷ್ಮೆ ನೂಲು ತೆಗೆಯುವವರು), ರಮ್ಯಾ ಅವರದೇ ರೋಗಿ. "ನಮ್ಮೋರಿಗೋಸ್ಕರ ತಾನೆ ಡಾಕ್ಟ್ರಮ್ಮ, ಇಟ್ಕೊಳ್ಳಿ" ಎಂದು ಐನೂರರ ನೋಟು ಮೇಜಿನ ಮೇಲಿಟ್ಟಿದ್ದರು. ಮುಂದಿನ ಸಲ ಓಪಿಡಿಗೆ ಬಂದಾಗ ಸಾಲಿನಲ್ಲಿ ನಿಲ್ಲದೆ ಬಾಗಿಲಿಗೇ ಬಂದು, "ನಾನಮ್ಮಾ" ಎಂದರು. ರಮ್ಯಾ ಒಳಗೆ ಕರೆದರು. ಹೊರಗೆ ಮಗು ಎತ್ತಿಕೊಂಡು ನಿಂತಿದ್ದ ಹೆಂಗಸು ಅದನ್ನು ನೋಡಿದಳು.

ನಾಚಿಕೆ ಇದ್ದದ್ದು ಅಲ್ಲಿ. ಕೇಳಿದ್ದಕ್ಕಲ್ಲ, ಯಾರನ್ನು ಕೇಳಿದೆ, ದುಡ್ಡು ಎಲ್ಲಿಗೆ ಬಂತು ಎಂಬುದಕ್ಕೆ. ಅಂಥ ನಾಚಿಕೆಯನ್ನು ಸಮಾಧಾನ ಹೇಳಿ ಓಡಿಸಬಾರದು, ಅದು ಹೇಳಿದ ಕೆಲಸ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಮೊದಲು ಕ್ಯೂಆರ್ ತೆಗೆಸಿದೆ. ನಂಟರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿ ಬಂದರೆ ಪೂರ್ತಿ ಮೊತ್ತ ಪಡೆದವರದೇ ಆದಾಯ ಎಂದು ತೆರಿಗೆಗೆ ಬರುತ್ತದೆ ಎಂಬುದು ರಮ್ಯಾಗೆ ಗೊತ್ತೇ ಇರಲಿಲ್ಲ. (ಡಾಕ್ಟರುಗಳಿಗೆ ಇದನ್ನು ಯಾರೂ ಕಲಿಸುವುದಿಲ್ಲ, ಪಾಪ.) ಬಂದ ದುಡ್ಡನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ರೋಗಿಗಳದ್ದು ವಾಪಸ್ ಕೊಡಿ, ಉಳಿದವರಿಗೆ ಫೋನ್ ಮಾಡಿ "ಸಂಸ್ಥೆಯ ಖಾತೆಗೆ ಹಾಕಲೇ, ಹಿಂದಿರುಗಿಸಲೇ?" ಎಂದು ಕೇಳಿ ಎಂದೆ. ದಾನಕ್ಕೆ ತೆರಿಗೆ ರಿಯಾಯಿತಿ ಕೊಡಿಸುವ, 80ಜಿ ಎಂದೇ ಜನ ಕರೆಯುವ ಮಾನ್ಯತೆ ಸಂಸ್ಥೆಗೆ ಇದ್ದರೆ ಕೊಟ್ಟವರಿಗೆ ರಸೀದಿ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಮಾತ್ರ ತೆರಿಗೆ ರಿಯಾಯಿತಿ ಇಲ್ಲ.

ತಾತ ವಾಪಸ್ ತಗೊಳ್ಳಲಿಲ್ಲ, ಬೇಜಾರೂ ಮಾಡಿಕೊಂಡರು. ಅದನ್ನು ಆಸ್ಪತ್ರೆಯ ಬಡ ರೋಗಿಗಳ ನಿಧಿಗೆ ಅವರ ಹೆಸರಲ್ಲೇ ಕಟ್ಟಿ ರಸೀದಿ ಕೊಡಲು ಹೇಳಿದೆ. ಇದು ಪೂರ್ತಿ ಸರಿಯಾದ ಉತ್ತರ ಎಂದು ನನಗೂ ಅನ್ನಿಸಿಲ್ಲ. ಆದರೆ ಆ ನೋಟು ಡಾಕ್ಟರ ಪರ್ಸಿನಲ್ಲಿ ಉಳಿಯಬಾರದಿತ್ತು.

ಸಂಶೋಧನೆ ನೈತಿಕವಾಗಿ ಸರಿಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಇನ್ನು ಯಾರನ್ನೂ ಕೇಳಬೇಡಿ ಎಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಭಾಗವಹಿಸುವವರಿಗೆ ಓಡಾಟದ ಖರ್ಚು, ಕಳೆದುಹೋದ ಕೂಲಿ ತುಂಬಿಕೊಡಲು ಒಪ್ಪುತ್ತದೆ. ಆದರೆ ಆಸೆ ಹುಟ್ಟಿಸುವಷ್ಟು ಕೊಡಬಾರದು. ನಡುವೆ ಔಷಧಿ ಕಂಪನಿಯ ಒಬ್ಬ ಮೆಡಿಕಲ್ ರೆಪ್ "ಕಂಪನಿ ನೋಡ್ಕೊಳ್ಳುತ್ತೆ" ಎಂದಿದ್ದನಂತೆ. ವೈದ್ಯರ ನಡವಳಿಕೆಯ 2002ರ ನಿಯಮಕ್ಕೆ 2009ರಲ್ಲಿ ಸೇರಿಸಿದ ಭಾಗದ ಪ್ರಕಾರ ಅಂಥ ದುಡ್ಡು ಎಲ್ಲಿಂದ, ಎಷ್ಟು ಎಂಬುದನ್ನು ಶುರುವಿನಲ್ಲೇ ಬಹಿರಂಗ ಮಾಡಬೇಕು. ರಮ್ಯಾ ಆ ರೆಪ್‌ಗೆ ಬೇಡ ಎಂದರು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಶೋಧನಾ ಧನಸಹಾಯ, ಐಸಿಎಂಆರ್, ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಸಿಎಸ್‌ಆರ್ ದುಡ್ಡು, ಕಾಲೇಜಿನ ಹಳೆ ವಿದ್ಯಾರ್ಥಿಗಳು, ಇವೆಲ್ಲ ಸಂಸ್ಥೆಯ ಮೂಲಕವೇ ಹೋಗಬೇಕಾದ ದಾರಿ. ನಿಧಾನ, ನಿಜ.

ಕೇಳುವುದನ್ನು ಅಭ್ಯಾಸವೂ ಮಾಡಿಸಿದೆ. ನಾನೇ ಅವರ ಸೀನಿಯರ್ ಆಗಿ ಕೂತೆ. ಮೊದಲ ಸಲ "ಸರ್, ಸುಮ್ನೆ ಫೋನ್ ಮಾಡಿದೆ" ಎಂದು ಶುರು ಮಾಡಿದರು. ಸುಮ್ನೆ ಅಲ್ವಲ್ಲ, ದುಡ್ಡಿಗೆ ತಾನೆ ಎಂದೆ. ಕೊನೆಗೆ ಬಂದ ಮಾತು ಹೀಗಿತ್ತು: "ಸರ್, ಒಂದು ಅಧ್ಯಯನಕ್ಕೆ ಹಣ ಕೇಳಲು ಫೋನ್ ಮಾಡಿದ್ದೀನಿ. ಲೆಕ್ಕ ಕಳಿಸ್ತೀನಿ. ಆಗಲ್ಲ ಅಂದ್ರೂ ಬೇಜಾರಿಲ್ಲ."

ಈಗ ಅಧ್ಯಯನವನ್ನು ಚಿಕ್ಕದು ಮಾಡಿ, ನೂಲು ತೆಗೆಯುವ ಕೆಲವೇ ಘಟಕಗಳಿಗೆ ಸೀಮಿತಗೊಳಿಸಿ ಕಮಿಟಿಗೆ ಅರ್ಜಿ ಹಾಕಿದ್ದಾರೆ. ನಿದ್ದೆ ಬರುತ್ತಿದೆ. ಫೋನ್ ಮಾಡುವ ಮುಂಚೆ ಎದೆ ಹೊಡೆದುಕೊಳ್ಳುವುದು ಇನ್ನೂ ನಿಂತಿಲ್ಲ. ಅದರ ಮೇಲೆ ಕೆಲಸ ನಡೆದಿದೆ.