‘ರಾಮನಿಗೆ ಮಣ್ಣಾದ್ರೂ ಇತ್ತು’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐವತ್ತರ ಆಸುಪಾಸಿನವರು. ಮಲೆನಾಡಿನ ಊರೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಗೆಳೆಯನ ಸಾಲಕ್ಕೆ ಜಾಮೀನು ನಿಂತು ಅಂಗಡಿ, ಮನೆ ಎರಡೂ ಹೋದವು. ಈಗ ನಗರದಲ್ಲಿ ಬಾಡಿಗೆ ಮನೆ, ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ಕರೆತಂದಿದ್ದರು. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಒಳ್ಳೆಯ ಓದುಗರು. ಸೋತು ಗೆದ್ದವರ ವಿಡಿಯೋಗಳನ್ನು ಭಾವಮೈದ ದಿನಾ ವಾಟ್ಸಾಪ್‌ಗೆ ಕಳಿಸುತ್ತಿದ್ದರಂತೆ. ಇವರು ತೆರೆಯದೆ ಅಳಿಸುತ್ತಿದ್ದರು. ಸರಿಯಾಗೇ ಮಾಡಿದರು ಅನ್ನಿ. ಆದರೆ ಕಾಲೇಜಿನಲ್ಲಿ ಓದಿದ ಶಿವರಾಮ ಕಾರಂತರ ಕಾದಂಬರಿ ‘ಮರಳಿ ಮಣ್ಣಿಗೆ’ ಬಿಡದೆ ಕಾಡುತ್ತಿತ್ತು. “ಲಚ್ಚ ಮನೆ ಹಾಳು ಮಾಡಿದ, ಮಗ ರಾಮ ಬಂದು ನಿಲ್ಲಿಸಿದ. ನಮ್ಮನೇಲಿ ನಾನೇ ಲಚ್ಚ, ಮೇಡಂ. ಮತ್ತೆ ಶುರು ಮಾಡೋಣ ಅಂದ್ರೆ, ರಾಮನಿಗೆ ಮಣ್ಣಾದ್ರೂ ಇತ್ತು.”

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಬಂದು ಹೋಗುತ್ತದೆ, ಏನೂ ಮಾಡಿಕೊಳ್ಳಹೊರಟಿಲ್ಲ ಎಂದರು. ಅದೇ ವಾರ ಮನೋವೈದ್ಯರ ಬಳಿ ಕಳಿಸಿದೆ. ಅಪರಾತ್ರಿಗೆ ಬೇಕಾಗಬಹುದೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿಗೂ ಹಾಕಿಸಿದೆ. ಖಿನ್ನತೆಗೆ ಕಾದಂಬರಿ ಮದ್ದಲ್ಲ.

ಔಷಧಿ ಹಿಡಿದು ನಿದ್ದೆ ಸುಧಾರಿಸಿದ ಮೇಲೆ ಪುಸ್ತಕದ ಮಾತು ಮತ್ತೆ ತೆಗೆದೆ. ಲಚ್ಚನ ಹೋಲಿಕೆ ನಾನು ಒಪ್ಪಲಿಲ್ಲ. ಅವನು ಚಟಕ್ಕೆ ಕಳೆದವನು, ಇವರು ನಂಬಿ ಕಳೆದುಕೊಂಡವರು. ಇನ್ನು ರಾಮ: ಮದ್ರಾಸಿನಲ್ಲಿ ಓದಿ, ಬೊಂಬಾಯಿಯಲ್ಲಿ ಕೆಲಸಕ್ಕೆ ಅಲೆದು ಸುಸ್ತಾಗಿ ಊರು ಸೇರಿದವನು. ಅವನು ಬಂದು ನಿಲ್ಲುವಷ್ಟು ಉಳಿದಿತ್ತೆಂದರೆ ತಾಯಿ ನಾಗವೇಣಿ ತಡೆದುಕೊಂಡಿದ್ದರಿಂದ, ಅದಕ್ಕೂ ಹಿಂದೆ ಅಜ್ಜನ ಕಾಲದ ಹೆಂಗಸರು ಪಾರೋತಿ, ಸರಸೋತಿ ಮೈಮುರಿದು ದುಡಿದಿದ್ದರಿಂದ. ಒಬ್ಬಂಟಿಯ ಛಲದ ಕಥೆಯೇ ಅಲ್ಲ ಅದು.

“ನಿಮ್ಮ ಸಾಲ ಒಟ್ಟು ಎಷ್ಟು ಅಂತ ಮನೆಯವರಿಗೆ ಗೊತ್ತಾ?” ಎಂದೆ. ಗೊತ್ತಿರಲಿಲ್ಲ. ಊರವರ ಲೆಕ್ಕ ಬರೆಯುವವರು ತಮ್ಮದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಭಾನುವಾರ ಇಬ್ಬರೂ ಕೂತು ನೋಟ್‌ಬುಕ್ಕಿಗಿಳಿಸಿ, ಸಾಲ ಕೊಟ್ಟವರ ಫೋನಿಗೆ ಸಂಜೆ ಒಂದು ಹೊತ್ತು ಗೊತ್ತುಮಾಡಿ ಎಂದೆ. ಮೊದಲ ಭಾನುವಾರ ಅರ್ಧಕ್ಕೇ ಎದ್ದು ಹೋದರಂತೆ. ಎರಡನೆಯದಕ್ಕೆ ಪಟ್ಟಿ ಮುಗಿಯಿತು.

ತೊಡಕು ಅವರೊಬ್ಬರಲ್ಲೇ ಇರಲಿಲ್ಲ. ಮಗಳ ಫಲಿತಾಂಶದ ದಿನ ಅರ್ಧ ಕೆಜಿ ಮೈಸೂರು ಪಾಕ್ ತಂದಿದ್ದಾರೆ. ಡಬ್ಬಿ ಬಿಚ್ಚುವ ಮೊದಲೇ ಭಾವಮೈದ, “ದುಡ್ಡೆಲ್ಲಿಂದ ಬಂತು ಭಾವ?” ಅಂದರಂತೆ. ಹೆಂಡತಿಗೆ ನಾನು ಹೇಳಿದ ಪುಸ್ತಕ ತ್ರಿವೇಣಿಯವರ ‘ಶರಪಂಜರ’. ಅದರ ಕಾವೇರಿ ಹೆರಿಗೆಯ ನಂತರದ ಮನೋರೋಗದಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳ ಒಂದೊಂದು ಮಾತು, ನಡೆಯಲ್ಲೂ ಮನೆಯವರು ಹಳೆಯ ಹುಚ್ಚನ್ನೇ ಹುಡುಕುತ್ತಾರೆ. ಕೊನೆಗೆ ಅವಳು ಮರಳುವುದು ಆಸ್ಪತ್ರೆಗೆ. ಇದನ್ನು ಗಂಡನ ಕೈಗೆ ಆ ಸ್ಥಿತಿಯಲ್ಲಿ ಕೊಡುತ್ತಿರಲಿಲ್ಲ. ಮನೆಯವರು ಓದಬೇಕಾದ್ದು. ತಮ್ಮನಿಗೂ ಓದಿಸಿ ಎಂದೆ. ಅವರು ಓದಿಲ್ಲ, ಆದರೆ ಅಕ್ಕ ಗದರಿದ ಮೇಲೆ ವಿಡಿಯೋ ನಿಂತಿವೆ.

ಔಷಧಿ ನಡೆಯುತ್ತಿದೆ. ದೊಡ್ಡಪ್ಪನ ಮೊಮ್ಮಗಳ ನಾಮಕರಣಕ್ಕೆ ಹೋಗಿ ಊಟ ಮುಗಿಸಿಕೊಂಡೇ ಬಂದಿದ್ದಾರೆ. ಸ್ವಂತ ಅಂಗಡಿಯ ಮಾತನ್ನು ಅವರೂ ಎತ್ತಿಲ್ಲ, ನಾನೂ ಕೇಳಿಲ್ಲ. ಮೊದಲು ಪಟ್ಟಿಯ ಸಣ್ಣ ಬಾಕಿಗಳು ತೀರಲಿ ಎಂಬುದು ಸದ್ಯಕ್ಕೆ ನಾವು ಮೂವರೂ ಒಪ್ಪಿರುವ ಮಾತು.