ಪಾರ್ಕಿನ್ಸನ್ ಇದ್ದವರು ನಡುಕ ಕಡಿಮೆಯಾದ ಮೇಲೂ ಯಾಕೆ ಬೀಳುತ್ತಾರೆ?

ಗುಳಿಗೆಯಿಂದ ತಂದೆಯವರ ಕೈನಡುಕ ಹಿಡಿತಕ್ಕೆ ಬಂದಿದೆ, ಆದರೂ ತಿಂಗಳಲ್ಲಿ ಎರಡು ಸಲ ಬಿದ್ದರು, ಗುಳಿಗೆ ಸಾಲುತ್ತಿಲ್ಲವೇ ಎಂದು ಕೇಳಿದ್ದೀರಿ. ನಾವೂ ಹಾಗೇ ತಿಳಿದು ಆರು ತಿಂಗಳು ಕಳೆದೆವು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗದಗ-ಬೆಟಗೇರಿ. ಅವ್ವನಿಗೆ ಪಾರ್ಕಿನ್ಸನ್ ಬಂದು ಏಳು ವರ್ಷ. ಆಕೆ ಬಿದ್ದಾಗಲೆಲ್ಲ ನಾವು ಬೈದದ್ದು ನುಣುಪು ನೆಲವನ್ನು, ಚಪ್ಪಲಿಯನ್ನು, ಹೊಸ್ತಿಲನ್ನು. ಕೊನೆಗೆ ತಂಗಿ ಕ್ಯಾಲೆಂಡರಿನ ಮೇಲೆ ಬಿದ್ದ ಹೊತ್ತನ್ನು ಗುರುತು ಹಾಕತೊಡಗಿದಳು. ಬೆಳಗಿನ ಜಾವ ಹೊರಸಿನಿಂದ ಎದ್ದಾಗ. ಮಧ್ಯಾಹ್ನ ಊಟ ಮುಗಿಸಿ ಎದ್ದಾಗ. ಬಿಸಿನೀರು ಹಾಕಿಕೊಂಡು ಬಚ್ಚಲಿನಿಂದ ಹೊರಬಂದಾಗ. ಎಡವಿ ಬಿದ್ದದ್ದು ಒಂದೂ ಇರಲಿಲ್ಲ.

ಆ ಹಾಳೆ ನೋಡಿದ ಹುಬ್ಬಳ್ಳಿಯ ನರರೋಗ ತಜ್ಞರು ಅವ್ವನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು: ಮೇಲಿನ ಅಂಕಿ 138. ಎಬ್ಬಿಸಿ ನಿಲ್ಲಿಸಿ ಮೂರನೇ ನಿಮಿಷಕ್ಕೆ ನೋಡಿದರೆ 102. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೂ ಅದನ್ನು ದೋಷವೆಂದೇ ಎಣಿಸುತ್ತಾರೆ. ಅಲ್ಲಿಯತನಕ ತೋರಿಸಿದ ಕಡೆಯೆಲ್ಲ ಕುರ್ಚಿಯಲ್ಲಿ ಕೂರಿಸಿಯೇ ನೋಡಿದ್ದರು, ಎಲ್ಲ ಸಲವೂ ‘ನಾರ್ಮಲ್’ ಬಂದಿತ್ತು. ಈ ರೋಗ ಕೈಕಾಲಿನ ಚಲನೆಯನ್ನಷ್ಟೇ ಕೆಡಿಸುವುದಿಲ್ಲ. ನಿಂತಾಗ ರಕ್ತನಾಳಗಳನ್ನು ಬಿಗಿಮಾಡುವ ನರಗಳನ್ನೂ ಸಡಿಲಿಸುತ್ತದೆ, ಆಗ ಬಿಪಿ ಇಳಿದು ತಲೆಗೆ ರಕ್ತ ಸಾಲದೆ ಬೀಳುತ್ತಾರೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಗುಳಿಗೆ ಕೂಡ ಬಿಪಿ ಇಳಿಸಬಲ್ಲದು. ಅವ್ವ ಹತ್ತು ವರ್ಷದಿಂದ ನುಂಗುತ್ತಿದ್ದ ಬಿಪಿ ಗುಳಿಗೆ ಅದರ ಮೇಲೆ.

ಅವ್ವ ಒಂದು ದಿನವೂ ತಲೆ ತಿರುಗುತ್ತದೆ ಅನ್ನಲಿಲ್ಲ. ಆಕೆ ಅನ್ನುತ್ತಿದ್ದದ್ದು, “ನಿಂತ್ರ ಹೆಗಲ ಜಗ್ಗತಾವು, ಕಣ್ಣಮುಂದ ಮಬ್ಬ ಆಗತೈತಿ.” ನಾವು ಹೆಗಲಿಗೆ ಎಣ್ಣೆ ತಿಕ್ಕಿದೆವು! ನಿಂತಾಗ ಕುತ್ತಿಗೆ, ಹೆಗಲಿನ ಸ್ನಾಯುಗಳಿಗೆ ರಕ್ತ ಸಾಲದೆ ಬರುವ ನೋವು ಅದು. ಮಲಗಿದರೆ ಇಳಿಯುತ್ತದೆ. ನಿಮ್ಮ ತಂದೆಯವರನ್ನೂ ಈ ಮಾತುಗಳಲ್ಲೇ ಕೇಳಿ. ತಲೆಸುತ್ತು ಇದೆಯಾ ಎಂದರೆ ಇಲ್ಲ ಅಂದುಬಿಡುತ್ತಾರೆ.

ರಾತ್ರಿಯದು ಬೇರೆಯೇ ಕಥೆ. ಮೂರು ಸಲ ಮೂತ್ರಕ್ಕೆ ಏಳುವುದು, ಕನಸಿನಲ್ಲಿ ಕೂಗಿ ಒದೆದು ಹೊರಸಿನಿಂದ ಉರುಳುವುದು. ಕನಸಿಗೆ ಕೈಕಾಲು ಆಡಿಸುವುದು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಶುರುವಾಗಿರಬಹುದು. ನಮ್ಮ ಅಪ್ಪನಿಗೆ ಅದು ಚೆನ್ನಾಗಿ ನೆನಪಿದೆ, ಒದೆ ತಿಂದವರು ಅವರೇ. ಮಲಬದ್ಧತೆಯನ್ನೂ ಸಣ್ಣದೆನ್ನಬೇಡಿ. ಕುಕ್ಕರುಗಾಲಲ್ಲಿ ಕೂತು ಮುಕ್ಕಿ, ಆಮೇಲೆ ಥಟ್ಟನೆ ಎದ್ದರೆ ಅಲ್ಲೇ ಕಣ್ಣು ಕತ್ತಲಾಗುತ್ತದೆ.

ಇನ್ನೊಂದು, ನಡೆಯುವಾಗ ಗಮನ ಬೇರೆಡೆ ಹೋಗುವುದು. ಅವ್ವ ತಂಬಿಗೆ ಹಿಡಿದು ಪಡಸಾಲೆ ದಾಟುವಾಗ ನಾನು ಹಿಂದಿನಿಂದ “ಅವ್ವಾ, ಫೋನ್ ಬಂದೈತಿ” ಎಂದು ಕೂಗಿದೆ. ಆಕೆಯ ಕಾಲು ನೆಲಕ್ಕೆ ಅಂಟಿದಂತೆ ನಿಂತಿತು, ಮೈ ಮಾತ್ರ ಮುಂದೆ ಹೋಯಿತು. ಅಂದಿನಿಂದ ಆಕೆ ನಡೆಯುವಾಗ ನಾವು ಯಾರೂ ಮಾತಾಡಿಸುವುದಿಲ್ಲ.

ಡಾಕ್ಟರು ಹಳೆಯ ಬಿಪಿ ಗುಳಿಗೆ ಕಡಿಮೆ ಮಾಡಿದರು. ನೀವಾಗಿ ಏನನ್ನೂ ಬಿಡಿಸಬೇಡಿ, ಲೆವೊಡೋಪವನ್ನಂತೂ ಒಮ್ಮೆಲೇ ನಿಲ್ಲಿಸುವುದು ಅಪಾಯ. ಅವರು ಹೇಳಿದಂತೆ ಹೊರಸಿನ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆವು. ಏಳುವ ಮೊದಲು ಒಂದು ದೊಡ್ಡ ಗ್ಲಾಸ್ ನೀರು, ಕಾಲು ಇಳಿಬಿಟ್ಟು ಕೂತು ಪಾದ ಆಡಿಸುವುದು, ಆಮೇಲೆ ನಿಲ್ಲುವುದು. ಹೊಟ್ಟೆ ಬಿರಿಯ ಉಣ್ಣಿಸುವ ಬದಲು ನಾಲ್ಕು ಸಲ ಸ್ವಲ್ಪ ಸ್ವಲ್ಪ. ರಾತ್ರಿಗೆ ಹೊರಸಿನ ಪಕ್ಕ ಕಮೋಡ್ ಕುರ್ಚಿ, ಸಣ್ಣ ದೀಪ. ಉಪ್ಪು ಹೆಚ್ಚಿಸುವುದು ಹೃದಯ, ಕಿಡ್ನಿ ನೋಡಿ ಡಾಕ್ಟರೇ ಹೇಳಬೇಕಾದ್ದು. ವಾಂತಿಗೆಂದು ಮೆಟೊಕ್ಲೋಪ್ರಮೈಡ್ ಬರೆದರೆ ಪಾರ್ಕಿನ್ಸನ್ ಇದೆ ಎಂದು ತಪ್ಪದೆ ಹೇಳಿ, ಅದು ರೋಗದ ಲಕ್ಷಣಗಳನ್ನು ಹೆಚ್ಚಿಸಬಲ್ಲದು.

ಈಗಲೂ ಅವ್ವ ಬೀಳುತ್ತಾಳೆ, ಆದರೆ ಮೊದಲಿನಷ್ಟಲ್ಲ.

ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ದಿನ ಮನೆಯಲ್ಲೇ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ ಹೊತ್ತಿನ ಸಮೇತ ಬರೆದುಕೊಳ್ಳಿ. ನಿಲ್ಲಿಸುವಾಗ ಒಬ್ಬರು ತೋಳು ಹಿಡಿದಿರಲಿ. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಮೂರು ದಿನ ಕಾಯಬೇಡಿ, ಇವತ್ತೇ ಹೊರಡಿ.